ನೂರು ಡಿಗ್ರಿ ಜ್ವರದ ಕಂಪ್ಯೂಟರು

ಮನೆತನದಲ್ಲಿ ಮೊದಲು ಪದವಿ ಪಡೆದವನಿಗೆ ಒಂದು ಶಿಕ್ಷೆ ಖಾಯಂ. ಪ್ಲಗ್ಗು ಇರುವ ಯಾವ ವಸ್ತು ಕೆಟ್ಟರೂ ಎಲ್ಲರೂ ಅವನ ಮುಖ ನೋಡುತ್ತಾರೆ. ನಾನು ಓದಿದ್ದು ಮೆಕ್ಯಾನಿಕಲ್ ಎಂಜಿನಿಯರಿಂಗ್. ಅದರಲ್ಲಿ ಉಷ್ಣ ವರ್ಗಾವಣೆ ಎಂಬ ವಿಷಯವನ್ನು ಎರಡನೇ ಸಲ ಬರೆದು ಪಾಸು ಮಾಡಿದೆ. ಒಂದೇ ಸಲಕ್ಕೆ ಪಾಸಾದವರಿಗಿಂತ ನಾನು ಎರಡರಷ್ಟು ಓದಿದ್ದೇನೆ ಎಂಬುದು ನನ್ನ ವಾದ. ಅಪ್ಪ ತುಮಕೂರಿನ ಅಕ್ಕಿ ಮಿಲ್ಲಿನಲ್ಲಿ ಮೂಟೆ ಹೊತ್ತು ಓದಿಸಿದ ಪದವಿ ಅದು. ಹಾಗಾಗಿ ಅದಕ್ಕೆ ಚೌಕಟ್ಟು ಹಾಕಿಸಿ, ಚೆನ್ನೈನ ಕ್ರೋಂಪೇಟೆಯ ಬಾಡಿಗೆ ಮನೆಯ ಹಾಲಿನಲ್ಲಿ ದೇವರ ಗೂಡಿನ ಪಕ್ಕದಲ್ಲೇ ತೂಗುಹಾಕಿದ್ದೇನೆ. ಅದರ ಕೆಳಗೆ ಕಂಪ್ಯೂಟರು. ಮೂರೂ ಒಂದೇ ಗೋಡೆಗೆ ಬಂದದ್ದು ಭಕ್ತಿಯಿಂದಲ್ಲ, ಮನೆಯಲ್ಲಿ ನೆಟ್ಟಗಿರುವ ಪ್ಲಗ್ ಪಾಯಿಂಟ್ ಅಲ್ಲೊಂದೇ ಇರುವುದು.

ಕಂಪ್ಯೂಟರು ಕೂಡಿಸಿದವನು ನಾನಾದರೂ ದುಡಿಸುವವಳು ಹೆಂಡತಿ ಶೈಲಜಾ. ವೀಡಿಯೋ ಎಡಿಟಿಂಗನ್ನು ತಾನೇ ನೋಡಿ ನೋಡಿ ಕಲಿತಳು. ಮೇಲಿನ ಮನೆಯ ಕಾಮಾಕ್ಷಿಯಮ್ಮ ತಮ್ಮ ಮಗಳ ಸೀಮಂತದ ವೀಡಿಯೋ ಕೊಟ್ಟದ್ದೇ ಅವಳಿಗೆ ಬಂದ ಮೊದಲ ಕೆಲಸ. ಭಾನುವಾರ ಮಧುರೈಯಿಂದ ಬೀಗರು ಬರುತ್ತಾರೆ, ಎಲ್ಲರೂ ಕೂತು ಟಿವಿಯಲ್ಲಿ ನೋಡಬೇಕು. ಶೈಲಜಾ ಹಾಡು, ಬಳೆ, ಆರತಿ ಎಲ್ಲ ಜೋಡಿಸಿ ಮುಗಿಸಿದ್ದಳು. ಕೊನೆಗೆ ಅದನ್ನೆಲ್ಲ ಒಂದು ಫೈಲಾಗಿ ಹೊರಗೆ ತೆಗೆಯುವ ಹೊತ್ತಿಗೆ, ಅರ್ಧ ದಾರಿಯಲ್ಲಿ ಕಂಪ್ಯೂಟರು ಪಟ್ಟೆಂದು ಆರಿಹೋಯಿತು. ಮತ್ತೆ ಹಚ್ಚಿದರೆ ಮತ್ತೆ ಅಷ್ಟೇ.

"ವೋಲ್ಟೇಜ್" ಅಂದೆ ನಾನು. ಗೊತ್ತಿಲ್ಲದಾಗ ಹೇಳಲು ಅದಕ್ಕಿಂತ ಒಳ್ಳೆಯ ಪದವಿಲ್ಲ.

"ವೋಲ್ಟೇಜಾದ್ರೆ ಫ್ರಿಜ್ಜು ಯಾಕೆ ಓಡ್ತಿದೆ? ಮೊದಲನೇ ಕೆಲಸಾನೇ ಕೆಡಿಸಿದ್ರೆ ಎರಡನೇದು ಯಾರು ಕೊಡ್ತಾರೆ ನನಗೆ?" ಅಂದಳು ಶೈಲಜಾ. ಅಷ್ಟರಲ್ಲಿ ಮೆಟ್ಟಿಲ ಮೇಲಿಂದ ಕಾಮಾಕ್ಷಿಯಮ್ಮ, "ಎನ್ನಮ್ಮಾ ಶೈಲೂ, ವೀಡಿಯೋ ರೆಡಿಯಾ?" ಎಂದು ಕೂಗಿದರು. ಶೈಲಜಾ "ಇದೋ, ಮುಡಿಞ್ಜಿರುಚ್ಚು ಮಾಮಿ" ಎಂದು ಆಗಲೇ ಮುಗಿಸಿದವಳಂತೆ ಉತ್ತರ ಕೊಟ್ಟು, ನನ್ನನ್ನು ನೋಡಿದ ನೋಟ ಬೇರೆಯೇ ಇತ್ತು.

ಶಾಖ ತೋರಿಸುವ ಒಂದು ಪ್ರೋಗ್ರಾಂ ಹಾಕಿ ನೋಡಿದೆ. ಸುಮ್ಮನಿದ್ದಾಗಲೇ ಅರವತ್ತೈದು. ಕೆಲಸ ಹಚ್ಚಿದೊಡನೆ ಎಂಬತ್ತು, ತೊಂಬತ್ತು, ನೂರು, ಕತ್ತಲೆ. ನಾನು ಮೇಷ್ಟರಂತೆ ವಿವರಿಸಿದೆ: ಪ್ರಾಸೆಸರು ಸುಮ್ಮನಿದ್ದಾಗ ಐವತ್ತರ ಆಸುಪಾಸು ಇದ್ದರೆ ಚೆನ್ನೈಗೆ ಅದು ಆರೋಗ್ಯವೇ, ಗಾಳಿಯೇ ಮೂವತ್ತೆಂಟು ಇರುವ ಊರಿನಲ್ಲಿ ಫ್ಯಾನು ಎಷ್ಟು ತಿರುಗಿದರೂ ಅದಕ್ಕಿಂತ ತಣ್ಣಗೆ ಮಾಡಲಾರದು. ದುಡಿಯುವಾಗ ಎಂಬತ್ತರವರೆಗೆ ಚಿಂತೆಯಿಲ್ಲ. ತೊಂಬತ್ತು ದಾಟಿದರೆ ನಿಧಾನವಾಗುತ್ತದೆ, ನೂರರ ಹತ್ತಿರ ಸುಟ್ಟುಹೋಗದಿರಲೆಂದು ತಾನೇ ಆರಿಕೊಳ್ಳುತ್ತದೆ.

ಹೂ ಕಟ್ಟುತ್ತಿದ್ದ ಅಮ್ಮ ತಲೆಯೆತ್ತಿದಳು. "ಬರೀ ನೂರಾ? ನನಗೆ ನೂರಾ ಎರಡು ಬಂದಾಗ ಮಾತ್ರೆ ಕೊಟ್ಟು ಆಫೀಸಿಗೆ ಹೋದ್ಯಲ್ಲೋ."

"ಅದು ಬೇರೆ ಅಳತೆ ಕಣಮ್ಮ."

"ಹೆತ್ತೋಳಿಗೆ ಒಂದಳತೆ, ಇದಕ್ಕೊಂದಳತೆ. ಒದ್ದೆ ಬಟ್ಟೆ ಹಾಕಾದ್ರೂ ನೋಡು."

ಒದ್ದೆ ಬಟ್ಟೆಯನ್ನು ಕಷ್ಟಪಟ್ಟು ತಪ್ಪಿಸಿ ಪೆಟ್ಟಿಗೆಯ ಬಾಗಿಲು ಬಿಚ್ಚಿದೆ. ಬುಧವಾರದ ಮಧ್ಯಾಹ್ನ ಮನೆಯೆಲ್ಲ ಶುಕ್ರವಾರದ ವಾಸನೆ ತುಂಬಿತು. ಅಮ್ಮ ವಾರವಾರವೂ ಹಾಕುವ ಸಾಂಬ್ರಾಣಿ ಹೊಗೆಯನ್ನು ಫ್ಯಾನು ಶ್ರದ್ಧೆಯಿಂದ ಒಳಗೆಳೆದುಕೊಂಡು, ಗೂಡಿನಿಂದ ಉದುರಿದ ವಿಭೂತಿಯ ಪುಡಿಯನ್ನೂ ಸೇರಿಸಿ, ಪ್ರಾಸೆಸರಿನ ಮೇಲಿನ ಅಲ್ಯೂಮಿನಿಯಂ ತಗಡುಗಳ ಸಂದಿಗೆ ಕಂದು ಬಣ್ಣದ ರೊಟ್ಟಿ ತಟ್ಟಿತ್ತು. ಗಾಳಿ ನುಗ್ಗಲು ಸೂಜಿಯಷ್ಟೂ ಜಾಗವಿರಲಿಲ್ಲ.

"ನಾನೇನು ಒಳಗೆ ತುರುಕಿದ್ನಾ? ಅದೇ ಎಳ್ಕೊಳ್ತಿತ್ತು. ಹೊಗೆ ದೇವರ ಕಡೆ ಹೋಗದಿದ್ರೂ ಅದರ ಕಡೆ ಹೋಗೋದು. ಪಾಪ, ಅದಕ್ಕಿಷ್ಟ ಅಂತ ಸಾಂಬ್ರಾಣೀನ ಇನ್ನೂ ಹತ್ತಿರ ಇಟ್ಟೆ" ಅಂದಳು ಅಮ್ಮ.

ಹಲ್ಲುಜ್ಜುವ ಬ್ರಷ್ಷಿನಿಂದ ರೊಟ್ಟಿ ಕೆರೆದೆ. ಪ್ರಾಸೆಸರಿನ ಬೆನ್ನಿನ ಒಣಗಿದ ಹಳೇ ಪೇಸ್ಟನ್ನು ಸ್ಪಿರಿಟ್ಟಿನಲ್ಲಿ ಒರೆಸಿದೆ. ಶಾಖವನ್ನು ಪ್ರಾಸೆಸರಿನಿಂದ ತಗಡಿಗೆ ದಾಟಿಸುವ ಬೂದು ಬಣ್ಣದ ಪೇಸ್ಟು ಅದು. ಸ್ಟೇಷನ್ ಹತ್ತಿರದ ಅಂಗಡಿಯಿಂದ ಹೊಸ ಟ್ಯೂಬು ತಂದೆ. ಕಡಲೆಕಾಳಿನಷ್ಟು ಹಾಕಬೇಕು ಎನ್ನುತ್ತಾರೆ. ಆದರೆ ಹಾಸ್ಟೆಲಿನಲ್ಲಿ ಒಂದು ಟೂತ್‌ಪೇಸ್ಟನ್ನು ಸೆಮಿಸ್ಟರ್ ಪೂರ್ತಿ ಎಳೆದವನ ಕೈ ಇದು. ಕಡಲೆ ಎಂದುಕೊಂಡೇ ಒತ್ತಿದೆ, ಎಳ್ಳುಕಾಳಿನಷ್ಟು ಬಂತು, ಧಾರಾಳವಾಯಿತು ಅನ್ನಿಸಿತು. ಮುಚ್ಚಿ ಓಡಿಸಿದರೆ ತೊಂಬತ್ತಾರು. ಶೈಲಜಾ ಮಗ್ಗಿಯಂತೆ "ಗುರುವಾರ, ಶುಕ್ರವಾರ, ಶನಿವಾರ" ಎಂದು ಗೊಣಗಿಕೊಂಡಳು.

ಮತ್ತೆ ಬಿಚ್ಚಿದೆ. ಪೇಸ್ಟು ನಡುವೆ ಒಂದು ಬೊಟ್ಟಿನಷ್ಟು ಹರಡಿ, ಸುತ್ತಲಿನ ಜಾಗವೆಲ್ಲ ಬರಿದಾಗಿಯೇ ಇತ್ತು. ಬಗ್ಗಿ ನೋಡಿದ ಅಮ್ಮ, "ವಿಭೂತೀನ ಯಾರಾದ್ರೂ ಬೊಟ್ಟು ಇಡ್ತಾರೇನೋ? ಮೂರು ಬೆರಳಲ್ಲಿ ಈ ಕಿವಿಯಿಂದ ಆ ಕಿವಿಗೆ ಎಳಿ" ಅಂದಳು.

"ಅಮ್ಮ, ಇದು ವಿಭೂತಿ ಅಲ್ಲ."

"ಮೊದಲು ಎಳೀರಿ" ಅಂದಳು ಶೈಲಜಾ.

ಮೂರು ಗೆರೆ ಎಳೆದೆ. ಟ್ಯೂಬು ಅರ್ಧ ಖಾಲಿಯಾದದ್ದು ಕಂಡು ಅದರ ಮುಚ್ಚಳವನ್ನು ಎರಡೆರಡು ಸಲ ಬಿಗಿದೆ. ಮುಚ್ಚಿ ಓಡಿಸಿದೆ. ಅಮ್ಮ ಕ್ರಿಕೆಟ್ ಸ್ಕೋರಿನಂತೆ "ಎಷ್ಟಾಯ್ತು, ಎಷ್ಟಾಯ್ತು" ಎಂದು ಕೇಳುತ್ತಲೇ ಇದ್ದಳು. ಎಪ್ಪತ್ತು, ಎಪ್ಪತ್ತಾರು, ಎಪ್ಪತ್ತೆಂಟು. ಅಲ್ಲೇ ನಿಂತಿತು. ವೀಡಿಯೋ ಪೂರ್ತಿ ಹೊರಬಂತು. ಕಾಮಾಕ್ಷಿಯಮ್ಮ ನಮ್ಮ ಹಾಲಿನಲ್ಲೇ ಕೂತು ನೋಡಿ, ಬಳೆ ತೊಡಿಸುವಲ್ಲಿ ಸೆರಗಿನಿಂದ ಕಣ್ಣೊರೆಸಿಕೊಂಡು, ತಮ್ಮ ಅಣ್ಣನ ಅರವತ್ತರ ಸಮಾರಂಭದ ವೀಡಿಯೋವನ್ನೂ ಶೈಲಜಾಳೇ ಮಾಡಬೇಕೆಂದರು. ಶೈಲಜಾ ಒಳಗೆ ಹೋಗಿ, ಯಾರೂ ಕೇಳದಿದ್ದರೂ ಎಲ್ಲರಿಗೂ ಕಾಫಿ ತಂದಳು.

ಕಂಪ್ಯೂಟರು ಸರಿಯಾದದ್ದು ಹೇಗೆ ಎಂದು ಕಾಮಾಕ್ಷಿಯಮ್ಮ ಕೇಳಿದಾಗ ನಾನು ತಗಡು, ಗಾಳಿ, ಪೇಸ್ಟು ಎಂದು ಶುರು ಮಾಡಿದ್ದೆ. ಅಮ್ಮ ತನ್ನ ತಮಿಳಿನಲ್ಲಿ ಒಂದೇ ಸಾಲಿಗೆ ಮುಗಿಸಿದಳು: "ಪೈಯ್ಯನ್ ವಿಭೂತಿ ಪೋಟ್ಟಾನ್, ಸರಿಯಾಪೋಚ್ಚು." ಹುಡುಗ ವಿಭೂತಿ ಹಚ್ಚಿದ, ಸರಿಹೋಯ್ತು, ಅಷ್ಟೇ. ಕಾಮಾಕ್ಷಿಯಮ್ಮ ನನ್ನತ್ತ ನೋಡಿದರು. ಗೋಡೆಯ ಮೇಲಿನ ಚೌಕಟ್ಟನ್ನು ನೋಡಿದ ಯಾರೂ ಇಷ್ಟು ವರ್ಷದಲ್ಲಿ ನನ್ನನ್ನು ಹಾಗೆ ನೋಡಿರಲಿಲ್ಲ. ತಿದ್ದಲು ಮನಸ್ಸಾಗಲಿಲ್ಲ.

ಮುಂದಿನ ಶುಕ್ರವಾರ ಬೆಳಿಗ್ಗೆ ಆಕೆ ತಲೆಗೆ ಸ್ನಾನ ಮಾಡಿ, ಗಂಡನ ಲ್ಯಾಪ್‌ಟಾಪನ್ನು ಸ್ಟೀಲ್ ತಟ್ಟೆಯಲ್ಲಿಟ್ಟುಕೊಂಡು ಬಂದರು. ಪಕ್ಕದಲ್ಲಿ ವೀಳ್ಯದೆಲೆ, ಎರಡು ಬಾಳೆಹಣ್ಣು. "ರೊಂಬ ಸೂಡಾಗುದು ತಂಬಿ" ಎಂದು ಆ ಬಿಸಿಯೇರುವ ಲ್ಯಾಪ್‌ಟಾಪನ್ನು ನನ್ನ ಮುಂದಿಟ್ಟರು. ಇದು ವಿಭೂತಿಯಲ್ಲ, ಇದರ ಹಿಂದೆ ಒಂದು ಶಾಸ್ತ್ರವಿದೆ ಎಂದು ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಅಮ್ಮ, "ಸ್ನಾನ ಆಯ್ತೇನೋ ನಿಂದು?" ಅಂದಳು.

ಆಗಿರಲಿಲ್ಲ. ಟವೆಲ್ ತೆಗೆದುಕೊಂಡು ಬಚ್ಚಲಿಗೆ ಹೋದೆ.