ಬಾಣಂತಿ ಕೋಣೆಯ ಗಾಳಿ ಬಂದೋಬಸ್ತು

ಸ್ಯಾನ್ ಡಿಯಾಗೊದಲ್ಲಿ ಚಳಿ ಎಂಬುದೇ ಇಲ್ಲ ಎಂದು ನಾನು ಊರಿನವರಿಗೆಲ್ಲ ಫೋನಿನಲ್ಲಿ ಹೇಳಿ ನಂಬಿಸಿದ್ದೆ. ಹಾಗೆ ನಂಬಿದವರಲ್ಲಿ ನಮ್ಮ ಅತ್ತೆಯೂ ಒಬ್ಬರು. "ಸ್ವೆಟರ್ ಗಿಟರ್ ಏನೂ ಹೊತ್ಕೊಂಡು ಬರ್ಬೇಡಿ ಅತ್ತೆ, ಇಲ್ಲಿ ವರ್ಷವಿಡೀ ಬೆಂಗಳೂರಿನ ಫೆಬ್ರವರಿ ಇದ್ದಂಗೆ" ಎಂದಿದ್ದೆ. ನನ್ನ ಹೆಂಡತಿ ಸುಜಾತಾಳ ಚೊಚ್ಚಲ ಹೆರಿಗೆಗೆಂದು ಅವರು ೨೦೦೪ರ ಡಿಸೆಂಬರಿನಲ್ಲಿ ಹುಬ್ಬಳ್ಳಿಯಿಂದ ಬಂದಿಳಿದರು. ಮರುದಿನ ಬೆಳಿಗ್ಗೆ ಎದ್ದು ನೋಡುತ್ತೇನೆ, ನನ್ನ ಸ್ವೆಟರ್, ನನ್ನ ಮಫ್ಲರ್, ನನ್ನ ಕಾಲುಚೀಲ, ಎಲ್ಲವೂ ಅತ್ತೆಯ ಮೈಮೇಲಿವೆ!

ತಪ್ಪು ಊರಿನದಲ್ಲ, ಮನೆಯದು. ಗೆಳೆಯರೆಲ್ಲ ರಾಂಚೊ ಬರ್ನಾರ್ಡೊದಲ್ಲಿ ಹೊಸ ಹೊಸ ಮನೆ ಕೊಳ್ಳುತ್ತಿದ್ದಾಗ, ಕರ್ನಿ ಮೆಸಾದ ಆಫೀಸಿಗೆ ಹತ್ತಿರವಾಗುತ್ತದೆಂದು ನಾನು ನಮ್ಮಪ್ಪನ ವಯಸ್ಸಿನ ಮರದ ಮನೆಯೊಂದನ್ನು ಕೊಂಡಿದ್ದೆ. "ಈ ಮನೆಗೆ ಒಂದು ಕ್ಯಾರೆಕ್ಟರ್ ಇದೆ" ಎಂದು ಅದನ್ನು ಮಾರಿಸಿಕೊಟ್ಟ ಏಜೆಂಟ್ ಹೇಳಿದ್ದಳು. ಕ್ಯಾರೆಕ್ಟರ್ ಇತ್ತು, ನಿಜ. ಗೋಡೆಯ ಹೊರ ಹಲಗೆಗೂ ಒಳ ಹಲಗೆಗೂ ನಡುವೆ ಮಾತ್ರ ಬರೀ ಗಾಳಿ ಇತ್ತು.

ಅದನ್ನು ಕಂಡುಹಿಡಿದವರು ಅತ್ತೆ. ಸ್ನಾನ ಮುಗಿಸಿ, ದೇವರ ಮುಂದೆ ಹಚ್ಚಿದ್ದ ಊದುಬತ್ತಿಯನ್ನು ಕೈಯಲ್ಲಿ ಹಿಡಿದು ಮನೆಯೆಲ್ಲ ಸುತ್ತಿದರು. ಧೂಪ ತೋರಿಸುತ್ತಿದ್ದಾರೆಂದು ನಾನು ಭಕ್ತಿಯಿಂದ ಕೈಮುಗಿದು ನಿಂತೆ. ಅದು ಪೂಜೆಯಲ್ಲ, ತಪಾಸಣೆ! ಕಿಟಕಿಯ ಹತ್ತಿರ ಹಿಡಿದರೆ ಹೊಗೆ ಅಡ್ಡಡ್ಡ ಹೋಯಿತು. ಬಾಗಿಲ ಹತ್ತಿರ ಹಿಡಿದರೆ ಅತ್ತೆಯ ಮುಖಕ್ಕೇ ವಾಪಸ್ ಬಂತು. ಕೊನೆಗೆ ಗೋಡೆಯ ಪ್ಲಗ್ ಪಾಯಿಂಟಿನ ಮುಂದೆ ಹಿಡಿದಾಗ ಬತ್ತಿಯ ತುದಿ ನಿಗಿನಿಗಿ ಉರಿಯಿತು.

"ಅಳಿಯಂದ್ರ, ಇಲ್ಲಿ ನೋಡ್ರಿ. ಕರೆಂಟ್ ಬರೋ ತೂತಿನ್ಯಾಗ ಗಾಳಿ ಬರಾಕತ್ತೈತಿ! ಇದೇನು ಮನಿ ಏನ್ರಿ, ಜರಡಿ?"

"ಹಳೇ ಮನೆ ಅಲ್ವಾ ಅತ್ತೆ, ಸ್ವಲ್ಪ ಗಾಳಿ ಬರತ್ತೆ..."

"ಬಾಣಂತಿಗೆ ಸ್ವಲ್ಪ ಗಾಳಿ, ಭಾಳ ಗಾಳಿ ಅಂತ ಇಲ್ರಿ. ಗಾಳಿ ಅಂದ್ರ ಗಾಳೀನ. ಹೆರಿಗಿ ಆದಮ್ಯಾಲೆ ಮಗಳನ್ನೂ ಕೂಸನ್ನೂ ಗಿರೀಶನ ಮನಿಗೆ ಕರ್ಕೊಂಡು ಹೋಗ್ತೀನಿ. ಮೂರು ತಿಂಗ್ಳು ಅಲ್ಲೇ ಇರ್ಲಿ."

ಗಿರೀಶ ಸುಜಾತಾಳ ತಮ್ಮ. ಲಾಸ್ ಏಂಜಲೀಸಿನ ಬಂದರು ಇರುವ ಸ್ಯಾನ್ ಪೀಡ್ರೊದಲ್ಲಿ ಹಡಗಿನ ಸಾಮಾನು ಸಾಗಿಸುವ ಕಂಪನಿಯ ಕೆಲಸ, ಅಲ್ಲೇ ಹೊಸ ಅಪಾರ್ಟ್‌ಮೆಂಟು. ಕಿಟಕಿಗೆ ಎರಡು ಪದರ ಗಾಜು, ಗೋಡೆಯಿಂದ ಗೋಡೆಗೆ ಕಾರ್ಪೆಟ್ಟು, ಗುಂಡಿ ಒತ್ತಿದರೆ ಬಿಸಿಗಾಳಿ. ನಮ್ಮ ಮನೆಯಿಂದ ಎರಡು ಗಂಟೆ ಡ್ರೈವ್, ಟ್ರಾಫಿಕ್ ಇದ್ದರೆ ದೇವರೇ ಗತಿ. ಇನ್ನೂ ಹುಟ್ಟದ ಮಗುವಿನೊಂದಿಗೆ ನಾನು ಆಗಲೇ ದಿನಾ ಹೊಟ್ಟೆಗೆ ಬಾಯಿಟ್ಟು ಮಾತಾಡುತ್ತಿದ್ದೆ. ಅದು ಹುಟ್ಟಿದ ಮೇಲೆ ವಾರಕ್ಕೊಮ್ಮೆ ಹೋಗಿ ನೆಂಟರ ಹಾಗೆ ನೋಡಿ ಬರುವುದೇ?

"ಅತ್ತೆ, ಹೆರಿಗೆ ಆಗೋಷ್ಟರಲ್ಲಿ ಈ ಮನೇಲಿ ಒಂದೆಳೆ ಗಾಳಿ ಬಂದ್ರೆ ನನ್ನ ಕೇಳಿ. ನಾನು ಇಂಜಿನಿಯರ್!"

"ಫೋನಿನ ಇಂಜಿನಿಯರ್ ಅವ್ವಾ," ಎಂದು ಸುಜಾತಾ ಒಳಗಿನಿಂದ ತಿದ್ದಿದಳು.

ಹೀಗೆ ಗೃಹ ಉಷ್ಣ ಸಂರಕ್ಷಣಾ ಮಹಾಯೋಜನೆ ನನ್ನ ಏಕಸದಸ್ಯ ಸಮಿತಿಯ ಅಧ್ಯಕ್ಷತೆಯಲ್ಲಿ ಪ್ರಾರಂಭವಾಯಿತು. ಹಾರ್ಡ್‌ವೇರ್ ಅಂಗಡಿಗೆ ಹೋಗಿ ಗುಲಾಬಿ ಬಣ್ಣದ ಗಾಜಿನ ಹತ್ತಿಯ ಸುರುಳಿಗಳು, ಸಂದಿಗೆ ಊದುವ ನೊರೆಯ ಡಬ್ಬಿಗಳು, ಪ್ಲಾಸ್ಟಿಕ್ ಹಾಳೆ, ಅಂಟುಪಟ್ಟಿ ಎಲ್ಲವನ್ನೂ ತಂದೆ. ಆ ಗಾಜಿನ ಹತ್ತಿಯನ್ನು ಸೂರಿನ ಕೆಳಗಿನ ಅಟ್ಟದಲ್ಲಿ ಹಾಸಬೇಕು. ಹಾಸುವಾಗ ಮೈತುಂಬ ಬಟ್ಟೆ ಹಾಕಿಕೊಳ್ಳಿ ಎಂದು ಅಂಗಡಿಯವನು ಹೇಳಿದ್ದ. ಹತ್ತಿಗೆ ಯಾರು ಹೆದರುತ್ತಾರೆ? ಬನಿಯನ್ನಿನಲ್ಲೇ ಹತ್ತಿದೆ.

ಇಳಿದು ಬಂದಾಗ ಕತ್ತಿನಿಂದ ಸೊಂಟದವರೆಗೆ ಕೆಂಪು ಗಂಧೆ! ಅತ್ತೆ ಕಿರುಚಿಕೊಂಡರು. "ಅಯ್ಯ ಶಿವನ! ಅಳಿಯಂದ್ರ ಮೈಮ್ಯಾಲೆ ಅಮ್ಮ ಎದ್ದಾಳ! ಬಸುರಿ ಹತ್ರ ಬರಬ್ಯಾಡ್ರಿ!" ಅದು ಸಿಡುಬಲ್ಲ, ಗಾಜಿನ ಪುಡಿಯ ತುರಿಕೆ ಎಂದು ಎಷ್ಟು ಹೇಳಿದರೂ ಕೇಳಲಿಲ್ಲ. ಕೆಂಪು ಇಳಿಯುವವರೆಗೆ ನನ್ನ ಹಾಸಿಗೆ ಗರಾಜಿನಲ್ಲಿ, ಕಾರಿನ ಪಕ್ಕ. ಮನೆಯನ್ನು ಬೆಚ್ಚಗೆ ಮಾಡಲು ಹೊರಟ ಮಹಾಶಯ ಮನೆಯಲ್ಲೇ ಅತ್ಯಂತ ತಣ್ಣನೆಯ ಜಾಗದಲ್ಲಿ ಮಲಗಿ ಪರಚಿಕೊಳ್ಳುತ್ತಿದ್ದ.

ಆಮೇಲೆ ನೊರೆ. ಡಬ್ಬಿ ಒತ್ತಿದಾಗ ಹೆಬ್ಬೆರಳಿನಷ್ಟು ಬಂತು, ಸಾಲದು ಎಂದು ಇನ್ನಷ್ಟು ಒತ್ತಿದೆ. ಆ ನೊರೆ ಹೊರಗೆ ಬಂದ ಮೇಲೆ ಉಬ್ಬುತ್ತದೆ ಎಂಬ ಸಂಗತಿ ನನಗೆ ತಿಳಿದಾಗ ಅದು ಕಿಟಕಿಯ ಸಂದಿ ದಾಟಿ, ಚೌಕಟ್ಟು ದಾಟಿ, ಪರದೆಯನ್ನೂ ಕಚ್ಚಿ ಹಿಡಿದು ಕಲ್ಲಾಗಿತ್ತು. ಬಾಣಂತಿ ಕೋಣೆಯ ಕಿಟಕಿ ಇನ್ನು ಈ ಜನ್ಮದಲ್ಲಿ ತೆರೆಯುವಂತಿರಲಿಲ್ಲ. ತೆರೆಯುವ ಅಗತ್ಯವಾದರೂ ಏನು! ಉಳಿದ ಕಿಟಕಿಗಳಿಗೂ ಅದೇ ಸತ್ಕಾರ ಮಾಡಿದೆ. ಅಷ್ಟಕ್ಕೇ ನಿಲ್ಲಿಸಲಿಲ್ಲ. ನಮ್ಮ ಮನೆಯ ನೆಲ ಭೂಮಿಯಿಂದ ಮೊಳಕಾಲೆತ್ತರ ಮೇಲಿದೆ. ಆ ಪೊಳ್ಳಿಗೆ ಗಾಳಿಯಾಡಲೆಂದು ಮನೆಯ ಸುತ್ತ ಜಾಲರಿಯ ಕಿಂಡಿಗಳಿದ್ದವು. ಗಾಳಿ ಒಳಗೆ ಬಾರದಂತೆ ಮಾಡುವವನಿಗೆ ಗಾಳಿಯಾಡಲೆಂದೇ ಇಟ್ಟ ಕಿಂಡಿ ಕಂಡರೆ ಹೇಗಾಗಬೇಡ! ಎಲ್ಲಕ್ಕೂ ಹಲಗೆ ಹೊಡೆದೆ.

ಸುಜಾತಾ ಮಂಚದ ಮೇಲೆ ಕೂತು ನೋಡುತ್ತಿದ್ದಳು. "ಅಲ್ರಿ, ಎಲ್ಲಾ ಮುಚ್ಚಿದ್ರ ಅಡಗಿಮನಿ ಉಗಿ, ಸ್ನಾನದ ಉಗಿ ಎಲ್ಲಿ ಹೋಗಬೇಕ್ರಿ?"

"ಉಗಿ ಬೆಚ್ಚಗಿರತ್ತೆ ಕಣೇ. ಇದ್ರೆ ಒಳ್ಳೇದೇ!"

ಎರಡನೇ ತಪಾಸಣೆ ನಡೆಯಿತು. ಅತ್ತೆ ಊದುಬತ್ತಿ ಹಿಡಿದು ಎಲ್ಲ ಕಡೆ ಸುತ್ತಿದರು. ಹೊಗೆ ಕಡ್ಡಿಯಂತೆ ನೆಟ್ಟಗೆ ಮೇಲೆ ಹೋಯಿತು. ಪ್ಲಗ್ ಪಾಯಿಂಟಿನ ಮುಂದೆಯೂ ಮಿಸುಕಲಿಲ್ಲ. "ಭೇಷ್ ಅಳಿಯಂದ್ರ! ಎಲ್ಲಿಗೂ ಹೋಗೂದು ಬ್ಯಾಡ, ಇಲ್ಲೇ ಬಾಣಂತನ ಮಾಡ್ತೀನಿ" ಎಂದರು. ಮದುವೆಯಾದಾಗಿನಿಂದ ಅವರ ಬಾಯಲ್ಲಿ ನಾನು ಕೇಳಿದ ಮೊದಲ ಭೇಷ್ ಅದು. ನಾನೂ ಆ ನೊರೆಯಂತೆಯೇ ಉಬ್ಬಿಹೋದೆ.

ಜನವರಿಯಲ್ಲಿ ಮಗಳು ಹುಟ್ಟಿದಳು. ಅವಳ ಬೆರಳು ನನ್ನ ಬೆರಳನ್ನು ಹಿಡಿದಾಗ ನನಗೆ ಅಳು ಬಂತು, ಅದನ್ನು ಬರೆಯಲು ನಾಚಿಕೆಯೇನಿಲ್ಲ. ಆ ವರ್ಷ ಇಲ್ಲಿ ಮಳೆಯೂ ಎಂದಿಲ್ಲದಂತೆ ಸುರಿಯಿತು. ಹೊರಗೆ ಮಳೆ, ಒಳಗೆ ಬಾಣಂತನ. ಬಕೆಟ್ಟುಗಟ್ಟಲೆ ಕುದಿನೀರಿನ ಸ್ನಾನ, ಒಲೆಯ ಮೇಲೆ ಸದಾ ಕುದಿಯುವ ಅಜವಾನದ ನೀರು, ಹೊರಗೆ ಒಣಗದೆ ನಡುಮನೆಯ ತುಂಬ ನೇತಾಡುವ ಲಂಗೋಟಿಗಳು, ಸಂಜೆಯಾದರೆ ಸಾಂಬ್ರಾಣಿ ಹೊಗೆ. ಹೊಗೆ ಕಂಡೊಡನೆ ಅಲಾರಂ ಕಿರುಚುತ್ತಿತ್ತು. ಅತ್ತೆ ಅದರ ಕೆಳಗೆ ನಿಂತು, "ಸುಮ್ನಿರ್ ನೀ, ಕೂಸು ಮಲಗೇತಿ" ಎಂದು ಸೆರಗು ಬೀಸಿ ಸುಮ್ಮನಾಗಿಸುತ್ತಿದ್ದರು.

ಮೊದಲು ಮೆತ್ತಗಾದದ್ದು ಕಡಕ್ ರೊಟ್ಟಿ. ಅತ್ತೆ ಹುಬ್ಬಳ್ಳಿಯಿಂದ ತಂದಿದ್ದ ರೊಟ್ಟಿ, ಮುರಿದರೆ ಪಕ್ಕದ ಮನೆಗೆ ಕೇಳಬೇಕು, ಕರವಸ್ತ್ರದಂತೆ ಮಡಚಿಕೊಂಡಿತು! ಆಮೇಲೆ ಬಾಣಂತಿಗೆಂದು ಕಟ್ಟಿದ್ದ ಅಂಟಿನ ಉಂಡೆಗಳ ಮೇಲೆ ಹಸಿರು ಬೂಷ್ಟು. ಕಿಟಕಿಯ ಗಾಜಿನಿಂದ ನೀರು ಇಳಿದು ಗೋಡೆಯ ಬಣ್ಣ ಗುಳ್ಳೆ ಎದ್ದಿತು. ಮಗು ನೋಡಲು ಬಂದ ನನ್ನ ಆಫೀಸಿನ ಗೆಳೆಯ, ಮೈಸೂರಿನ ಇಕ್ಬಾಲ್, ಬಾಗಿಲು ದಾಟಿದ್ದೇ ತಡ ಅವನ ಕನ್ನಡಕ ಪೂರ್ತಿ ಮಂಜಾಯಿತು. ಕುರುಡನಂತೆ ಕೈ ಚಾಚಿ, "ಏನೋ ಇದು, ಮನೇಲಿ ಹಬೆಸ್ನಾನದ ಹಮಾಮ್ ಕಟ್ಸಿದ್ದೀಯಾ? ಮಗು ಎಲ್ಲಿದೆಯೋ ಮಾರಾಯ?" ಎಂದು ಟಿವಿಯನ್ನು ಸವರಿದ.

ನಾನು ಗಂಭೀರವಾಗಿ ಆಲೋಚಿಸಿದೆ. ನೀರು ಒಳಗಿದೆ, ಮಳೆ ಹೊರಗಿದೆ, ಆದ್ದರಿಂದ ಮಳೆಯೇ ಒಳಗೆ ಬರುತ್ತಿದೆ! ಎಂಥ ತರ್ಕ! "ಅದು ನಮ್ಮದ ಉಗಿ ರೀ" ಎಂದು ಸುಜಾತಾ ಹೇಳುತ್ತಲೇ ಇದ್ದಳು. ಬಾಣಂತಿಗೆ ರೆಸ್ಟ್ ಬೇಕು ಎಂದು ಅವಳ ಬಾಯಿ ಮುಚ್ಚಿಸಿದೆ. ಭಾನುವಾರ ಬೆಳಿಗ್ಗೆ ದೊಡ್ಡ ದೊಡ್ಡ ನೀಲಿ ತಾಡಪಾಲು ತಂದು, ಸೂರಿನಿಂದ ನೆಲದವರೆಗೆ ಇಡೀ ಮನೆಗೆ ಹೊದಿಸಿ, ಅಂಚಿಗೆ ಇಟ್ಟಿಗೆ ಹೇರಿದೆ. ಬಾಗಿಲಿಗೆ ಮಾತ್ರ ಒಂದು ಸೀಳು.

ಈ ಊರಿನಲ್ಲಿ ಇಡೀ ಮನೆಗೆ ಬಟ್ಟೆ ಹೊದಿಸುವುದು ಒಂದೇ ಕಾರಣಕ್ಕೆ: ಗೆದ್ದಲು ಕೊಲ್ಲಲು ಒಳಗೆ ವಿಷದ ಗಾಳಿ ತುಂಬುವಾಗ. ನನಗೆ ಅದು ಗೊತ್ತಿರಲಿಲ್ಲವೇ? ಗೊತ್ತಿತ್ತು. ಆ ದಿನ ಹೊಳೆಯಲಿಲ್ಲ, ಅಷ್ಟೆ. ಪಕ್ಕದ ಮನೆಯ ಬಾಬ್, ನೌಕಾಪಡೆಯಿಂದ ರಿಟೈರಾದ ಅಜ್ಜ, ಸಂಜೆ ನಾಯಿ ಹಿಡಿದು ಹೊರಗೆ ಬಂದ. ಹೊದಿಸಿದ ಮನೆ ನೋಡಿದ. ಒಳಗೆ ಮಗು ಅಳುವುದು ಕೇಳಿದ. ಸರಿಯಾಗಿ ಅದೇ ಹೊತ್ತಿಗೆ ತಾಡಪಾಲಿನ ಸೀಳಿನಿಂದ ಸಾಂಬ್ರಾಣಿ ಹೊಗೆ ಸುರುಳಿ ಸುರುಳಿಯಾಗಿ ಹೊರಟಿತು!

ಫೈರ್ ಇಂಜಿನ್ನು ಬಂತು. ತಾಡಪಾಲು ಕಿತ್ತು, ಮುಖವಾಡ ಹಾಕಿಕೊಂಡ ಆಜಾನುಬಾಹುಗಳು ದಡದಡ ಒಳಗೆ ನುಗ್ಗಿದರು. ಅತ್ತೆ ಬಾಣಂತಿ ಕೋಣೆಯ ಬಾಗಿಲಿಗೆ ಅಡ್ಡ ನಿಂತರು.

"ಬಾಣಂತಿ ಕ್ವಾಣ್ಯಾಗ ಗಂಡಸ್ರು! ಅದೂ ಬೂಟ್ ಹಾಕ್ಕೊಂಡು! ಅಳಿಯಂದ್ರ, ಬೂಟ್ ಬಿಚ್ಚಾಕ ಹೇಳ್ರಿ ಅವರಿಗೆ!"

ಕೊಡಲಿ ಹಿಡಿದು ನಿಂತವನಿಗೆ ಬೂಟು ಬಿಚ್ಚಪ್ಪಾ ಎಂದು ಹೇಗೆ ಹೇಳಲಿ? ನನ್ನ ಬಾಯಿಂದ ಹೊರಟದ್ದು "ಪೂಜಾ ಸ್ಮೋಕ್, ಸರ್, ಓನ್ಲಿ ಪೂಜಾ ಸ್ಮೋಕ್" ಅಷ್ಟೇ. ಅವನು ಕಿಟಕಿ ತೆರೆಯಲು ನೋಡಿದ. ಜಗ್ಗಿದ. ಇನ್ನೊಬ್ಬನೂ ಸೇರಿ ಜಗ್ಗಿದ. ನನ್ನ ಕೆಲಸ ಎಷ್ಟು ಗಟ್ಟಿ ಎಂದು ಆ ಗಳಿಗೆಯಲ್ಲೂ ಒಂದಿಷ್ಟು ಹೆಮ್ಮೆಯಾಯಿತು. ಕೊಡಲಿಯ ಒಂದೇ ಏಟಿಗೆ ಗಾಜು, ಚೌಕಟ್ಟು, ನೊರೆ, ಪರದೆ ಎಲ್ಲ ಹಿತ್ತಿಲಿಗೆ ಹಾರಿದವು. ಫೆಬ್ರವರಿಯ ಗಾಳಿ ಬುಸ್ಸೆಂದು ಒಳಗೆ ನುಗ್ಗಿತು. ಸುಜಾತಾ ಮಗುವನ್ನು ಸೆರಗಿನೊಳಗೆ ಅವುಚಿಕೊಂಡಳು.

ಬೆಂಕಿಯೂ ಇಲ್ಲ, ವಿಷವೂ ಇಲ್ಲ ಎಂದು ಖಚಿತವಾದ ಮೇಲೆ ಅವರ ಮುಖ್ಯಸ್ಥ ತೊಟ್ಟಿಲ ಹಿಂದಿನ ಗೋಡೆಯನ್ನು ಒಮ್ಮೆ ಒತ್ತಿ ನೋಡಿದ. ನೆನೆದು ಮೆತ್ತಗಾಗಿದ್ದ ಪ್ಲಾಸ್ಟರ್ ಹಲಗೆಯಲ್ಲಿ ಅವನ ಬೆರಳು ಸಲೀಸಾಗಿ ಒಳಗೆ ಹೋಯಿತು. ಒಳಗೆಲ್ಲ ಕಪ್ಪು ಬೂಷ್ಟು. "ಇದು ಒಣಗುವವರೆಗೆ ಈ ಮನೆಯಲ್ಲಿ ಕೂಸನ್ನು ಇಡಬೇಡಿ" ಎಂದ. ಇಂಗ್ಲಿಷಿನಲ್ಲಿ ಹೇಳಿದ್ದನ್ನು ನಾನು ಅತ್ತೆಗೆ ಅನುವಾದ ಮಾಡಿ ಹೇಳಲಿಲ್ಲ. ಅವರಿಗೆ ಅರ್ಥವಾಗಿತ್ತು. ಆಗಲೇ ಗಿರೀಶನಿಗೆ ಫೋನು ಹಚ್ಚಿದ್ದರು.

ಗಿರೀಶನ ಕಾರು ಹೊರಡುವಾಗ ಸುಜಾತಾ ನನ್ನನ್ನು ಬೈಯಲಿಲ್ಲ. "ಊಟ ಸರಿ ಮಾಡ್ರಿ" ಎಂದಳು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಕಾರು ತಿರುವಿನಲ್ಲಿ ಮರೆಯಾದ ಮೇಲೂ ನಾನು ಅಲ್ಲೇ ನಿಂತಿದ್ದೆ. ಆಮೇಲೆ ಮನೆಯ ಸುತ್ತ ಹೋಗಿ, ಕಿಂಡಿಗಳಿಗೆ ನಾನೇ ಹೊಡೆದ ಹಲಗೆಗಳನ್ನು ನಾನೇ ಕೀಳತೊಡಗಿದೆ.

ಅಲ್ಲಿಂದ ಪ್ರತಿ ಶುಕ್ರವಾರ ಆಫೀಸು ಮುಗಿಸಿ ಸ್ಯಾನ್ ಪೀಡ್ರೊಗೆ ಓಟ. ಮೊದಲ ಶುಕ್ರವಾರ ಟ್ರಾಫಿಕ್ಕಿನಲ್ಲಿ ತೆವಳಿಕೊಂಡು ಹೋಗಿ, ಬಾಗಿಲು ತೆರೆದದ್ದೇ ಮಗುವಿನ ಕಡೆ ಎರಡೂ ಕೈ ಚಾಚಿದೆ. ಅತ್ತೆ ಮೂಗು ಮುಚ್ಚಿಕೊಂಡರು. "ಮೈಯೆಲ್ಲಾ ಮುಗ್ಗಲು ನಾರಾಕತ್ತೈತ್ರಿ! ಆ ಮನೀ ವಾಸನಿ ಕೂಸಿಗೆ ಬ್ಯಾಡ. ಬಾಲ್ಕನ್ಯಾಗ ಸ್ವಲ್ಪ ಗಾಳಿಗೆ ನಿಂತು ಬರ್ರಿ."

ನಿಂತೆ. ಬಂದರಿನ ಕಡೆಯಿಂದ ಸಮುದ್ರದ ಗಾಳಿ ಕಿವಿ ಕೊಯ್ಯುತ್ತಿತ್ತು. ಗಾಜಿನ ಆಚೆ, ಬೆಚ್ಚನೆಯ ಬೆಳಕಿನಲ್ಲಿ, ಸುಜಾತಾ ಮಗಳ ಪುಟ್ಟ ಕೈ ಹಿಡಿದು ನನ್ನ ಕಡೆ ಆಡಿಸಿದಳು. ಮಗು ಏನೋ ಸದ್ದು ಮಾಡಿದಂತಿತ್ತು, ನನಗೆ ಕೇಳಿಸಲಿಲ್ಲ. ಆ ದನಿಯಾದರೂ ಕೇಳಲಿ ಎಂದು ಗಾಜಿನ ಬಾಗಿಲನ್ನು ಬೆರಳಗಲ ಸರಿಸಿದೆ.

"ಅಳಿಯಂದ್ರ, ಬಾಗ್ಲಾ ಹಾಕ್ರಿ! ಕೂಸಿಗೆ ಗಾಳಿ ಬಡಿತೈತಿ!"

ಹಾಕಿದೆ. ಎಳ್ಳಷ್ಟೂ ಸಂದಿ ಬಿಡದೆ, ಹೊರಗಿನಿಂದ, ಭದ್ರವಾಗಿ ಮುಚ್ಚಿದೆ. ಅದೊಂದು ಕೆಲಸ ಮಾತ್ರ ನನಗೆ ಚೆನ್ನಾಗಿ ಬರುತ್ತದೆ.