ಮಲ್ಹಾರಿ ಕಾಕಾನ ಸೋರಿಕೆ ಯಂತ್ರ

“ನಳದ ಪೈಪು ಎಲ್ಲೆ ಸೋರಾಕತ್ತೈತಿ ಅಂತ ಹುಡಕೂದಿಲ್ಲೇನವಾ? ಹಂಗ ಇದು ವೈಫೈ ಸೋರಿಕಿ ಹುಡುಕೂ ಯಂತ್ರ!” ಎಂದು ಮಲ್ಹಾರಿ ಕಾಕಾ ಎದೆಯುಬ್ಬಿಸಿದಾಗ ಇಂದುಮತಿಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಹಳೆಯ ಕೂಸಿನ ಗಾಡಿ, ಅದರ ಮೇಲೆ ಬಿಚ್ಚಿದ ರೇಡಿಯೋ, ರೇಡಿಯೋ ಮೇಲೆ ಕುಕ್ಕರಿನ ಮುಚ್ಚಳ, ಸೀಟಿ ಸಮೇತ! ಹುಬ್ಬಳ್ಳಿಯ ಆ ವಠಾರದಲ್ಲಿ ರೇಡಿಯೋ ರಿಪೇರಿ ಮಾಡಿಕೊಂಡೇ ಮುದುಕನಾದ ಕಾಕಾ ಹಿಂದಿನ ಸಲ ಮಾಡಿದ್ದ ಚಪಾತಿ ಯಂತ್ರ ಅವನ ಧೋತರವನ್ನೇ ಲಟ್ಟಿಸಿತ್ತು.

ಆದರೆ ಇಂದುಮತಿಗೆ ಬೇರೆ ದಾರಿ ಇರಲಿಲ್ಲ. ಹನ್ನೊಂದು ಗಂಟೆಗೆ ಸಂಗೀತ ಶಿಕ್ಷಕಿಯ ಹುದ್ದೆಗೆ ಲ್ಯಾಪ್‌ಟಾಪಿನಲ್ಲೇ ಸಂದರ್ಶನ. ಮುಂದಿನ ತಿಂಗಳು ವಯಸ್ಸಿನ ಮಿತಿ ದಾಟುತ್ತದೆ, ಇದೇ ಕಡೆಯ ಅವಕಾಶ. ಬೆಳಗಿನಿಂದ ಅವಳು ಲ್ಯಾಪ್‌ಟಾಪ್ ಆರಿಸಿ ಹಚ್ಚಿದ್ದಳು, ರೂಟರ್ ಆರಿಸಿ ಹಚ್ಚಿದ್ದಳು, ಪಾಸ್‌ವರ್ಡ್ ಮತ್ತೆ ಮತ್ತೆ ಒತ್ತಿದ್ದಳು, ರೂಟರನ್ನು ಅಕ್ಕಿ ಡಬ್ಬದ ಮೇಲೂ ಏರಿಸಿ ನೋಡಿದ್ದಳು. ಪರದೆಯ ಮೇಲಿನ ಚಕ್ರ ಮಾತ್ರ ಸುತ್ತುತ್ತಲೇ ಇತ್ತು.

ಕಾಕಾ ಗುಂಡಿ ಒತ್ತಿದ. ಗಾಡಿ ತಾನಾಗಿಯೇ ಹೊಸ್ತಿಲು ದಾಟಿ, ಎದುರು ಮನೆಯ ಅಂಬಕ್ಕನ ಬಾಗಿಲಲ್ಲಿ ನಿಂತು ಕುಂಯ್ಯೆಂದು ಸೀಟಿ ಹೊಡೆಯಿತು!

“ಅಂಬಕ್ಕ, ನನ್ನ ವೈಫೈ ನಿಮ್ಮ ಟೀವಿಗೆ ಹತ್ತೈತೇನ್ರಿ?”

“ನೀನ ಪಾಸ್‌ವರ್ಡ್ ಕೊಟ್ಟಿದ್ದೆಲ್ಲವಾ!”

“ನಿಮಗೊಬ್ಬರಿಗೇ ಕೊಟ್ಟಿದ್ನೆಲ್ಲರಿ?”

“ಅರಿಷಿಣ-ಕುಂಕುಮಕ್ಕ ಬಂದವರನ್ನ ಬರೇ ಕೈಲೆ ಕಳಸಾಕ ಆಗತೈತೇನ? ಎಲಿ-ಅಡಿಕಿ ತೀರಿತ್ತು, ಪಾಸ್‌ವರ್ಡ್ ಬರದ ಕೊಟ್ಟೆ!”

ಅಷ್ಟರಲ್ಲಿ ಗಾಡಿ ಮುಂದಿನ ಬಾಗಿಲಿಗೆ ಓಡಿ ಸೀಟಿ, ಅದರ ಮುಂದಿನದಕ್ಕೂ ಸೀಟಿ! ಯಾರು ಮೊದಲು ಕದ್ದರೆಂದು ವಠಾರದ ತುಂಬ ಜಗಳ ಹತ್ತಿಕೊಂಡಿತು. “ನಾವು ಬರೇ ಮಳಿ ಬರತೈತೇನಂತ ನೋಡತೀವಿ!” ಎಂದು ಟೇಲರ್ ದಸ್ತಗೀರಸಾಬ ಕೂಗುತ್ತಿದ್ದರೆ, ಅವನ ಕೈಯಲ್ಲಿದ್ದ ಮೊಬೈಲು “ಸಿಕ್ಸರ್!” ಎಂದು ಅರಚಿತು.

“ಇನ್ನ ಹತ್ತ ನಿಮಿಷ ಐತ್ರಿ, ನನ್ನ ನೌಕರಿ...” ಇಂದುಮತಿ ನಡುವೆ ನಿಂತು ಕೂಗಿದಳು.

ಜಗಳ ಅಲ್ಲಿಗೇ ನಿಂತಿತು. ಧಾರಾವಾಹಿಯ ಅತ್ತೆಯ ಬಣ್ಣ ಬಯಲಾಗುವ ಹೊತ್ತಿನಲ್ಲಿ ಅಂಬಕ್ಕ ಟೀವಿ ಆರಿಸಿದಳು. ಕಡೆಯ ಓವರಿನಲ್ಲಿ ದಸ್ತಗೀರಸಾಬ ಮೊಬೈಲು ಬಂದ್ ಮಾಡಿದ. ಒಂದೊಂದೇ ಮನೆ ತೆಪ್ಪಗಾಯಿತು. ಇಂಥ ನೆರೆಹೊರೆ ಸಿಕ್ಕಿದ್ದು ತನ್ನ ಪುಣ್ಯವೆಂದು ಇಂದುಮತಿಗೆ ಅನ್ನಿಸಿತು.

“ಸೋರಿದ್ದನ್ನೆಲ್ಲಾ ಈಗ ವಾಪಸ್ ಎಳೀತೇನಿ!” ಎಂದು ಕಾಕಾ ರೇಡಿಯೋ ಕಿವಿ ತಿರುವಿದ. ಸಿಗ್ನಲ್ ಕಡ್ಡಿಗಳು ತುಂಬಿ ಪರದೆಯ ಅಂಚು ದಾಟಿದವು. ಇಂದುಮತಿ ಲ್ಯಾಪ್‌ಟಾಪಿನ ಮುಂದೆ ಕೂರುವಷ್ಟರಲ್ಲಿ ಸಂದರ್ಶಕರು ಪ್ರತ್ಯಕ್ಷರಾದರು.

“ಇಂದುಮತಿ, ಚಂದದ ಹೆಸರು,” ಎಂದರು ಅವರಲ್ಲೊಬ್ಬ ಮೇಡಂ. ಅವಳಿನ್ನೂ ಹೆಸರು ಹೇಳಲು ಬಾಯಿ ತೆರೆದಿರಲಿಲ್ಲ! ಶ್ರುತಿಪೆಟ್ಟಿಗೆಗೆ ಕೈ ಹಾಕುವಷ್ಟರಲ್ಲಿ ಅವರು ಕಣ್ಣೊರೆಸಿಕೊಳ್ಳುತ್ತಿದ್ದರು. “ಎಂಥಾ ಸಾರಂಗ ರಾಗ ಹಾಡಿದ್ರಿ!”

“ಮೇಡಂ, ನಾ ಇನ್ನೂ ಹಾಡೇ ಇಲ್ರಿ!”

“ವಿನಯ ನೋಡಿ! ನಿಮ್ಮನ್ನು ಆಯ್ಕೆ ಮಾಡಿದ್ದೇವೆ.” ಪರದೆ ಖಾಲಿಯಾಯಿತು.

“ಸೋರಿದ್ದಷ್ಟೂ ಒಮ್ಮೆಲೇ ನುಗ್ಗೇತಿ,” ಕಾಕಾ ತಲೆ ಕೆರೆದುಕೊಂಡ. “ನೀ ಹಾಡೂದಕ್ಕಿಂತ ಮೊದಲ ನಿನ್ನ ಹಾಡು ಅವರಿಗೆ ಮುಟ್ಟೇತಿ. ಈಗ ಕೂತು ಹಾಡಿಬಿಡವಾ, ಇಲ್ಲಂದ್ರ ಅವರು ಕೇಳಿದ್ದು ಸುಳ್ಳಾಗತೈತಿ!”

ಇಂದುಮತಿ ಅಂಗಳದಲ್ಲಿ ಚಾಪೆ ಹಾಸಿ ಕುಳಿತು ಸಾರಂಗ ಹಾಡಿದಳು. ಕೇಳಲು ಇಡೀ ವಠಾರ ಕುಳಿತಿತ್ತು. ಪರೀಕ್ಷೆಗೆಂದು ಹೀಗೆ ಹಾಡಲು ಅವಳಿಂದ ಆಗುತ್ತಿರಲಿಲ್ಲ. ತನಗಾಗಿ ಟೀವಿ, ಮೊಬೈಲು ಆರಿಸಿ ಕುಳಿತವರಿಗಾಗಿ ಆಯಿತು. ಹಾಡು ಮುಗಿಸಿ ಅವಳು ಎಲ್ಲರಿಗೂ ಕೈಮುಗಿದಳು, ಯಂತ್ರಕ್ಕೂ.

ಕಾಕಾ ರೇಡಿಯೋ ಕಿವಿಯನ್ನು ಹಗುರಾಗಿ ಹಿಂದಕ್ಕೆ ತಿರುವಿದ. “ಇನ್ನೊಂದ ಚೂರು ಜೋರ ಇಟ್ಟಿದ್ರ, ನಿನ್ನ ನಿವೃತ್ತಿ ಸಮಾರಂಭಾನೂ ಇವತ್ತ ಮುಗೀತಿತ್ತ ನೋಡವಾ.”