ನಗರಸಭೆಯ ಮರ ಮತ್ತು ಬಸೀಲಿಯಾಳ ಬೆನ್ನು

ಸಾನ್ ಫೆರ್ಮಿನ್ ನಗರಸಭೆಯ ವ್ಯಾಪ್ತಿಯಲ್ಲಿ ಯಾರ ಮೈಮೇಲೆ ಮಚ್ಚೆ ಎದ್ದರೂ ಅದು ಯಾವ ಮಚ್ಚೆ ಎಂದು ತೀರ್ಮಾನಿಸುವ ಅಧಿಕಾರ ಆ ಮೈಯ ಮಾಲೀಕರಿಗಿಲ್ಲ, ವೈದ್ಯರಿಗೂ ಇಲ್ಲ. ಆರೋಗ್ಯ ಶಾಖೆಯ ಎರಡನೇ ಮಹಡಿಯಲ್ಲಿ ಮೊಳೆಗೆ ತೂಗುಹಾಕಿರುವ, ಕ್ರಿಸ್ಮಸ್ ಮರದ ಆಕಾರಕ್ಕೆ ಕೊಯ್ದ ಒಂದು ಪ್ಲೈವುಡ್ ಮರಕ್ಕಿದೆ. ಈ ಬಗ್ಗೆ ಸುತ್ತೋಲೆ ಹೊರಟು ಆರು ವರ್ಷವಾಗಿದೆ. ಇದರಿಂದ ಯಾರಿಗೂ ಆಶ್ಚರ್ಯವಾಗಿಲ್ಲ.

ಬಸೀಲಿಯಾ ಚುಕಿಮಿಯಾಗೆ ಮಾತ್ರ ಇದು ತಿಳಿದಿರಲಿಲ್ಲ, ಏಕೆಂದರೆ ಐವತ್ತೆರಡು ವರ್ಷಗಳಲ್ಲಿ ಅವಳ ಮೈಮೇಲೆ ಒಂದು ಮಚ್ಚೆಯೂ ಎದ್ದಿರಲಿಲ್ಲ. ಮಾರುಕಟ್ಟೆಯ ಗಡಿಯಾರದ ಕೆಳಗಿನ ಮೂಲೆಯಂಗಡಿಯಲ್ಲಿ ಅವಳು ಆಪಿ ಮಾರುತ್ತಿದ್ದಳು: ನೇರಳೆ ಜೋಳದ ಹಿಟ್ಟನ್ನು ದಾಲ್ಚಿನ್ನಿ, ಲವಂಗ ಹಾಕಿ ಕುದಿಸಿದ ಗಟ್ಟಿಯಾದ ಬಿಸಿ ಪಾನೀಯ. ಅಂಗಡಿ ಅವಳ ಅಮ್ಮನದು, ಅದಕ್ಕೂ ಮೊದಲು ಅಜ್ಜಿಯದು. ಭೂಗೋಳದ ಆ ದಕ್ಷಿಣ ಭಾಗದಲ್ಲಿ ಜೂನ್ ತಿಂಗಳೇ ನಡುಚಳಿಗಾಲ; ಆ ಚಳಿಯಲ್ಲಿ ಊರಿಗೆ ಊರೇ ಅಲ್ಲಿ ಸಾಲು ನಿಲ್ಲುತ್ತಿತ್ತು. ತಿಂಡಿ ತೀರ್ಥ ಮಾರುವವರೆಲ್ಲ ವರ್ಷಕ್ಕೊಮ್ಮೆ ಆರೋಗ್ಯ ಕಾರ್ಡು ಹೊಸದು ಮಾಡಿಸಬೇಕು, ಅವಳೂ ಮಾಡಿಸುತ್ತಿದ್ದಳು. ಕಾರ್ಡಿಲ್ಲದೆ ನಲವತ್ತು ದಿನ ಬಾಗಿಲು ಮುಚ್ಚಿದ ಅಂಗಡಿ ಪಟ್ಟಿಯಲ್ಲಿರುವ ಮುಂದಿನವರಿಗೆ ಹೋಗುತ್ತದೆ. ಮುಂದಿನ ಹೆಸರು ಯಾರದೆಂದು ಅವಳೆಂದೂ ವಿಚಾರಿಸಿರಲಿಲ್ಲ.

ಆ ವರ್ಷ ಕೌಂಟರಿನ ಗುಮಾಸ್ತ ತಲೆ ಎತ್ತದೆ ಕೇಳಿದ: "ಮಚ್ಚೆ, ತುರಿಕೆ, ಬೊಕ್ಕೆ ಏನಾದ್ರೂ ಉಂಟೋ?"

"ಉಂಟು," ಎಂದಳು ಬಸೀಲಿಯಾ.

ಗುಮಾಸ್ತ ತಲೆ ಎತ್ತಿದ. ಅವನು ಆ ಕೌಂಟರಿಗೆ ಬಂದ ಮೇಲೆ ಆ ಪ್ರಶ್ನೆಗೆ ಹಾಗೆ ಉತ್ತರ ಬಂದದ್ದು ಅದೇ ಮೊದಲು. ಯಾವ ನಮೂನೆ ಕೊಡಬೇಕೆಂದು ಹುಡುಕಲು ಮಧ್ಯಾಹ್ನದವರೆಗೆ ಬೇಕಾಯಿತು. ಸುಳ್ಳು ಹೇಳಿದ್ದರೆ ಹನ್ನೊಂದು ಗಂಟೆಗೆಲ್ಲ ಅಂಗಡಿಯಲ್ಲಿರುತ್ತಿದ್ದಳು. ಆದರೆ ಅಮ್ಮ ಕಲಿಸಿದ ಕೆಟ್ಟ ಅಭ್ಯಾಸಗಳಲ್ಲಿ ಸತ್ಯ ಹೇಳುವುದೂ ಒಂದಾಗಿತ್ತು.

ವೈದ್ಯೆ ಅರಾಸೆಲಿ ವಾಕಾಫ್ಲೋರ್ ಆ ಕಚೇರಿಗೆ ವರ್ಗವಾಗಿ ಬಂದು ಮೂರು ತಿಂಗಳಾಗಿತ್ತು. ಅಷ್ಟು ಹೊಸಬರಾದ್ದರಿಂದ ಅವರು ರೋಗಿಯನ್ನೇ ಪರೀಕ್ಷಿಸಿದರು.

"ಮೊದ್ಲು ಒಂದೇ ದೊಡ್ಡ ಮಚ್ಚೆ ಬಂತಾ?"

"ಹೂಂ ಡಾಕ್ಟ್ರಮ್ಮಾ, ಇಲ್ಲಿ, ಹೊಟ್ಟೆ ಕೆಳಗೆ. ಎರಡು ವಾರ ಅದೊಂದೇ ಇತ್ತು. ಆಮೇಲೆ ಮರಿ ಹಾಕ್ತು ನೋಡಿ, ಕಂಕುಳಲ್ಲಿ, ತೊಡೆಸಂದಲ್ಲಿ."

"ಅದಕ್ಕೇ ಅದನ್ನ ತಾಯಿಮಚ್ಚೆ ಅನ್ನೋದು." ವೈದ್ಯೆ ಭೂತಗನ್ನಡಿ ಹಿಡಿದು ನೋಡಿದರು. ಪ್ರತಿ ಮಚ್ಚೆಯ ಅಂಚಿನೊಳಗೆ ತೆಳುವಾದ ಪೊರೆ ಅಂಗಿಯ ಕಾಲರಿನ ಹಾಗೆ ಸುತ್ತುವರಿದು ಎದ್ದಿತ್ತು. ಹುಳುಕಡ್ಡಿ ಇರಬಹುದೆಂದು ಚೂರು ಕೆರೆದು ಪರೀಕ್ಷೆಗೆ ಕಳಿಸಿದರು. ಅಲ್ಲ ಎಂದು ಬಂತು. "ಹೊಸ ಮಾತ್ರೆ ಏನಾದ್ರೂ ನುಂಗಿದ್ರಾ? ಇಲ್ವಾ? ಸರಿ. ರಕ್ತನೂ ಒಂದ್ಸಲ ನೋಡ್ಬಿಡೋಣ. ಸಿಫಿಲಿಸ್ಸೂ ಹೀಗೇ ವೇಷ ಹಾಕ್ಕೊಂಡು ಬರುತ್ತೆ."

"ಅಯ್ಯೋ! ನನ್ನ ಗಂಡ ತೀರ್ಕೊಂಡು ಹನ್ನೊಂದು ವರ್ಷ ಆಯ್ತಲ್ರೀ!"

"ಕಾಯಿಲೆಗೆ ಅದು ಗೊತ್ತಿರಲ್ವಲ್ಲಮ್ಮಾ."

ಅದೂ ಅಲ್ಲವೆಂದು ಬಂದ ಮೇಲೆ ವೈದ್ಯೆ ಚೀಟಿಯಲ್ಲಿ ಪಿಟಿರಿಯಾಸಿಸ್ ರೋಸಿಯಾ, ಅಂದರೆ ಗುಲಾಬಿ ಹೊಟ್ಟುಮಚ್ಚೆ, ಎಂದು ಬರೆದರು. "ಹೆದರ್ಬೇಡಿ. ಇದು ಒಂದೊಂದು ಮೈಯಲ್ಲಿ ಒಂದೊಂದು ಥರ ಕಾಣುತ್ತೆ. ಸಾಮಾನ್ಯವಾಗಿ ಬೆನ್ನ ಮೇಲೆ ಬರುತ್ತೆ, ನಿಮಗೆ ಸಂದಿಗೊಂದಿ ಹಿಡಿದಿದೆ, ಅಷ್ಟೇ. ಮುಟ್ಟಿದ್ರೆ ಅಂಟಲ್ಲ. ಆರೆಂಟು ವಾರದಲ್ಲಿ ತಾನಾಗೇ ಹೋಗುತ್ತೆ. ಆಪಿ ಆರಾಮಾಗಿ ಮಾರಿ."

"ಔಷಧಿ?"

"ಏನೂ ಬೇಡ."

ಈ ಚೀಟಿ ಹಿಡಿದುಕೊಂಡು ಬಸೀಲಿಯಾ ಲಿಸೆನ್ಸಿಯಾದೋ ಊರ್ಕಿದಿಯವರ ಕೋಣೆಗೆ ಹೋದಳು. ಅವರು ಆರೋಗ್ಯ ಶಾಖೆಯ ಕಾರ್ಯದರ್ಶಿ. ಲಿಸೆನ್ಸಿಯಾದೋ ಎಂದರೆ ಪದವೀಧರ; ಅವರಿಗೆ ಯಾವುದರಲ್ಲಿ ಪದವಿ ಬಂದಿದೆಯೆಂದು ಯಾರಿಗೂ ಗೊತ್ತಿರಲಿಲ್ಲ, ಪದವಿ ಇದೆಯೆಂಬುದು ಮಾತ್ರ ಎಲ್ಲರಿಗೂ ಗೊತ್ತಿತ್ತು. ಅವರು ಚೀಟಿಯನ್ನು ಎರಡೂ ಕಡೆ ಓದಿದರು.

"'ತಾನಾಗೇ ಹೋಗುತ್ತದೆ' ಅಂತ ಬರೆದಿದ್ದಾರೆ. ಯಾರ ಅನುಮತಿ ಪಡ್ಕೊಂಡು ಹೋಗುತ್ತೆ?"

"ಅದು ನನಗೇನ್ ಗೊತ್ತು ಸ್ವಾಮಿ."

"ಇರ್ಲಿ. ತಿರುಗಿ, ಬೆನ್ನು ತೋರ್ಸಿ," ಎಂದು ಅವರು ಮೊಳೆಯಿಂದ ಮರವನ್ನು ಇಳಿಸಿದರು.

ಈ ಮರದ ಇತಿಹಾಸವನ್ನು ಇಲ್ಲಿ ದಾಖಲಿಸುವುದು ಅವಶ್ಯ. ಈ ಕಾಯಿಲೆಯ ಮಚ್ಚೆಗಳು ಬೆನ್ನಿನ ಮೇಲೆ ಕ್ರಿಸ್ಮಸ್ ಮರದ ಆಕಾರದಲ್ಲಿ ಹರಡುತ್ತವೆ ಎಂದು ವೈದ್ಯಕೀಯ ಪುಸ್ತಕಗಳಲ್ಲಿದೆ. ಯಾವ ಮರ ಎಂದು ಲೆಕ್ಕಪರಿಶೋಧಕರು ಆಕ್ಷೇಪಣೆ ಎತ್ತಿದರು. ನಾಲ್ಕು ಸಾವಿರ ಮೀಟರ್ ಎತ್ತರದ ಸಾನ್ ಫೆರ್ಮಿನ್‌ನಲ್ಲಿ ಅಂಥ ಮರ ಬೆಳೆಯುವುದಿಲ್ಲ. ನಗರಸಭೆಗೆ ಅಧಿಕೃತವಾಗಿ ಗೊತ್ತಿದ್ದ ಕ್ರಿಸ್ಮಸ್ ಮರ ಒಂದೇ, ಪ್ರತಿ ಡಿಸೆಂಬರಿನಲ್ಲಿ ಚೌಕದಲ್ಲಿ ಹಸಿರು ಪ್ಲಾಸ್ಟಿಕ್ ಬಾಟಲಿಗಳಿಂದ ಕಟ್ಟುವ ಅದರದೇ ಮರ. ಪ್ಲೈವುಡ್‌ನಲ್ಲಿ ಅದರ ಅಚ್ಚು ಕೊಯ್ಯಲು ಬಡಗಿ ಅಳತೆ ತೆಗೆದ ವರ್ಷ ಬಲಗಡೆಯ ಹಗ್ಗವನ್ನು ಯಾರೋ ಬಿಚ್ಚಿ ಲಾರಿಯ ಆಲೂಗಡ್ಡೆ ಮೂಟೆಗಳಿಗೆ ಕಟ್ಟಿಕೊಂಡು ಹೋಗಿದ್ದರು. ಮರ ಎಡಕ್ಕೆ ವಾಲಿತ್ತು. ಬಡಗಿ ಪ್ರಾಮಾಣಿಕ. ಕಂಡದ್ದನ್ನು ಕಂಡ ಹಾಗೆ ಕೊಯ್ದ. ಅಂದಿನಿಂದ ಎಡಕ್ಕೆ ವಾಲಿದ ಮಚ್ಚೆಗಳು ಸಾಮಾನ್ಯ, ಉಳಿದವೆಲ್ಲ ಅಸಾಮಾನ್ಯ. ಸಾಮಾನ್ಯ ಪ್ರಕರಣಕ್ಕೆ ಅಲ್ಲೇ ಕಾರ್ಡು ಸಿಗುತ್ತದೆ; ಅಸಾಮಾನ್ಯ ಪ್ರಕರಣವನ್ನು ಸಮಿತಿ ನೋಡಬೇಕು. ಅಸಾಮಾನ್ಯ ಪ್ರಕರಣಗಳಿಗೆ ಮಾತ್ರ ಸಮಿತಿಯ ಸದಸ್ಯರಿಗೆ ಭತ್ಯೆ ಇದ್ದುದರಿಂದ ಆರು ವರ್ಷಗಳಲ್ಲಿ ಊರಿನಲ್ಲಿ ಒಂದೇ ಒಂದು ಸಾಮಾನ್ಯ ಪ್ರಕರಣ ಪತ್ತೆಯಾಗಿತ್ತು. ಅವನೊಬ್ಬ ವಿದೇಶಿ ಪ್ರವಾಸಿ. ಬಿಸಿಲಿಗೆ ಸುಟ್ಟ ಅವನ ಬೆನ್ನು, ಮಚ್ಚೆಯ ಬಣ್ಣ ಹೋಲಿಸಲೆಂದು ನಮೂನೆಗೆ ಅಂಟಿಸಿದ್ದ ಗುಲಾಬಿ ಬಣ್ಣದ ಚೀಟಿಗೆ ಸರಿಹೊಂದಿತ್ತು. ಅವನಿಗೆ ಕಾಯಿಲೆ ಇರಲಿಲ್ಲ, ಅಂಗಡಿಯೂ ಇರಲಿಲ್ಲ. ಆದರೂ ಕಾರ್ಡು ಕೊಟ್ಟು ಕಳಿಸಿದರು.

ಲಿಸೆನ್ಸಿಯಾದೋ ಮರವನ್ನು ಬಸೀಲಿಯಾಳ ಬೆನ್ನಿಗೆ ಒತ್ತಿ ಹಿಡಿದರು. ಪ್ಲೈವುಡ್ ತಣ್ಣಗೆ ಕೊರೆಯಿತು. ಬೆನ್ನಿನಲ್ಲಿ ಒಂದು ಮಚ್ಚೆಯೂ ಇರಲಿಲ್ಲ.

"ಬೆನ್ನು ಸಹಕರಿಸಿಲ್ಲ," ಎಂದು ಅವರು ಬರೆದುಕೊಂಡರು. "ಬಣ್ಣವೂ ಗುಲಾಬಿ ಅಲ್ಲ, ಕಂದು."

"ನಾನೇ ಕಂದು ಇದ್ದೀನಲ್ಲ ಸ್ವಾಮಿ! ಕಂದು ಮೈಮೇಲೆ ಗುಲಾಬಿ ಎಲ್ಲಿಂದ ಬರುತ್ತೆ?"

"ಅದನ್ನ ಸಮಿತಿ ತೀರ್ಮಾನಿಸುತ್ತೆ. ಹದಿನಾಲ್ಕನೇ ನಿಯಮ: ಏಳು ಅಸಾಮಾನ್ಯ ಪ್ರಕರಣ ಸೇರಿದ ಮೇಲೆ ಸಭೆ. ಈ ಸಲ ನೀವು ಮೊದಲನೆಯವರು. ಅಭಿನಂದನೆ."

ಅಂಗಡಿಯ ಬಾಗಿಲಿಗೆ ಅವತ್ತೇ ಮುದ್ರೆ ಬಿತ್ತು. ಸಂತ ಹುವಾನ್ ಹಬ್ಬ ಬಂತು, ವರ್ಷದ ಅತಿ ಚಳಿಯ ದಿನ. ಬಸೀಲಿಯಾ ಮುಚ್ಚಿದ ಬಾಗಿಲ ಮುಂದೆ ಶಾಲು ಹೊದ್ದು ಕುಳಿತಳು. ಗಿರಾಕಿಗಳು ಬಂದು, ಮುದ್ರೆ ನೋಡಿ, ಕೈ ಉಜ್ಜಿಕೊಂಡು ಹೋದರು. ಅವಳಿಗೆ ಅಳು ಬಂತು. ಪಕ್ಕದಂಗಡಿಯಲ್ಲಿ ಬುನ್ಯೂಲೋ ಎಂಬ ಹಿಟ್ಟಿನ ವಡೆ ಕರಿಯುತ್ತಿದ್ದ ತೋಮಾಸಾ ಬಿಸಿ ಬಿಸಿ ಎರಡನ್ನು ತಂದು ಮಡಿಲಿಗೆ ಹಾಕಿದಳು.

"ಉಂಟು ಅನ್ನೋಕೆ ನಿನಗ್ಯಾವ ದೆವ್ವ ಹಿಡಿದಿತ್ತೇ? ನನ್ನ ಮೊಣಕೈಯಲ್ಲಿ ಇಪ್ಪತ್ತು ವರ್ಷದಿಂದ ಗಜಕರ್ಣ ಇದೆ. ವರ್ಷಾ ವರ್ಷಾ ಇಲ್ಲ ಅಂತ ರುಜು ಹಾಕಿ ಬರ್ತೀನಿ. ಅದೂ ನನ್ನ ಮರ್ಯಾದೆ ಕಾಪಾಡಿದೆ, ರವಿಕೆ ತೋಳಿನೊಳಗೇ ಇದೆ."

"ಸುಳ್ಳು ಹೇಳೋಕೆ ನಾಲಿಗೆ ತಿರುಗಲ್ಲ ಕಣೇ."

"ನಾಲಿಗೆ ತಿರುಗದಿದ್ರೆ ಅಂಗಡಿ ತಿರುಗುತ್ತೆ. ಅಲ್ನೋಡು."

ಬಣ್ಣದ ಉಗುರಿನ ಒಬ್ಬ ಹೆಂಗಸು ಟೇಪು ಹಿಡಿದು ಬಾಗಿಲಿನ ಅಗಲ ಅಳೆಯುತ್ತಿದ್ದಳು. ಪಟ್ಟಿಯಲ್ಲಿ ಮುಂದಿನ ಹೆಸರು ಅವಳದು. ಲಿಸೆನ್ಸಿಯಾದೋ ಅವರ ನಾದಿನಿ. ಮೊಬೈಲ್ ಕವರು ಮಾರುವ ಯೋಚನೆಯಂತೆ. "ಆ ಒಲೆ ಒಡೆಸ್ಬೇಕಾಗುತ್ತೆ," ಎಂದು ಅವಳು ಬಸೀಲಿಯಾಗೇ ಹೇಳಿದಳು, ಸಲಹೆ ಕೇಳುವವಳ ಹಾಗೆ.

ಪ್ರಕರಣಗಳು ನಿಧಾನವಾಗಿ ಸೇರಿದವು. ಬಾಯೊಳಗೆ ಮಚ್ಚೆ ಎದ್ದ ಕ್ಷೌರಿಕ ಬಂದ. ಮರ ಬಾಯಿಗೆ ಹಿಡಿಸಲಿಲ್ಲ. ತಾಯಿಮಚ್ಚೆಯೊಂದೇ ಬಂದು ಮರಿಗಳೇ ಬಾರದ ಶಾಲಾಮಾಸ್ತರರನ್ನು "ಅಪೂರ್ಣ" ಎಂದು ದಾಖಲಿಸಲಾಯಿತು. ಕಟುಕನಿಗೆ ನೀರುಗುಳ್ಳೆ, ದರ್ಜಿಯವಳಿಗೆ ಮೈಯ ಒಂದೇ ಪಕ್ಕ, ಪೊಲೀಸಿನವನಿಗೆ ರಕ್ತ ಹೆಪ್ಪುಗಟ್ಟಿದ ಹಾಗೆ ಕೆನ್ನೇರಳೆ. ಏಳನೆಯವರು ವಾದ್ಯತಂಡದಲ್ಲಿ ಟ್ಯೂಬಾ ಎಂಬ ದೊಡ್ಡ ಕಹಳೆ ಊದುವ ಹಿರಿಯ ಕ್ರಿಸೋಸ್ತೊಮೊ. ಅವರ ವಿಶಾಲ ಬೆನ್ನ ಮೇಲೆ ಪುಸ್ತಕದಿಂದ ಎದ್ದು ಬಂದಂಥ ಕ್ರಿಸ್ಮಸ್ ಮರವಿತ್ತು. ವೈದ್ಯೆ ಸಂತೋಷದಿಂದ ಚಪ್ಪಾಳೆ ತಟ್ಟಿಬಿಟ್ಟರು. ಆದರೆ ಆ ಮರ ನೆಟ್ಟಗಿತ್ತು. ಎಡಕ್ಕೆ ವಾಲಿರಲಿಲ್ಲ. ಲಿಸೆನ್ಸಿಯಾದೋ ಅವರು ಟ್ಯೂಬಾದವರಿಗೆ ಸ್ವಲ್ಪ ಎಡಕ್ಕೆ ಬಾಗಲು ಹೇಳಿದರು. ಅವರು ಬಾಗಿದರು. ಆಗ ಬೆನ್ನಿಗೆ ಒತ್ತಿ ಹಿಡಿದಿದ್ದ ಪ್ಲೈವುಡ್ಡೂ ಜೊತೆಗೇ ಅಷ್ಟೇ ವಾಲಿತು. ಹೀಗಾಗಿ ಏಳು ತುಂಬಿತು.

ಮೂವತ್ತೆಂಟನೆಯ ದಿನ ಸಮಿತಿ ಸೇರಿತು. ವಿಷಯ ಮರಕ್ಕೆ ಸಂಬಂಧಿಸಿದ್ದರಿಂದ ಉದ್ಯಾನ ಶಾಖೆಯ ಇಂಜಿನಿಯರ್ ಲಿಸಾರಗಾ ಅಧ್ಯಕ್ಷರು.

"ಮೊದಲನೇ ಪ್ರಕರಣ. ಮಚ್ಚೆ ತೋರ್ಸಿ."

"ವಾಸಿಯಾಯ್ತು ಸ್ವಾಮಿ," ಎಂದಳು ಬಸೀಲಿಯಾ. ಡಾಕ್ಟ್ರಮ್ಮ ಹೇಳಿದ್ದ ಹಾಗೆಯೇ ಆಗಿತ್ತು. ಕಂಕುಳು ಹಸುಗೂಸಿನದರಂತೆ ನುಣ್ಣಗಿತ್ತು. ಸಂತೋಷದ ಸುದ್ದಿ ಎಂದೇ ಅವಳು ತಿಳಿದಿದ್ದಳು.

ಅಧ್ಯಕ್ಷರು ಕಡತದ ಹಾಳೆಗಳನ್ನು ಹಿಂದಕ್ಕೆ ತಿರುವಿ ನೋಡಿದರು.

"ಕಡತ ತೆರೆದಿರುವಾಗಲೇ?" ಎಂದರು ಅಧ್ಯಕ್ಷರು.

"ಕಾಯಿಲೆ ನೋಡದೆ ಅದು ಕಾಯಿಲೆ ಅಂತ ಹೇಳೋಕಾಗಲ್ಲ," ಎಂದು ಲಿಸೆನ್ಸಿಯಾದೋ ವಿವರಿಸಿದರು. "ಕಾಯಿಲೆ ಅಂತ ಹೇಳದೆ ವಾಸಿಯಾಯ್ತು ಅನ್ನೋಕಾಗಲ್ಲ. ವಾಸಿಯಾಗದೆ ಕಾರ್ಡು ಕೊಡೋಕಾಗಲ್ಲ. ನಿಮ್ಮ ಒಳ್ಳೇದಕ್ಕೇ ಹೇಳ್ತೀನಿ ಅಮ್ಮಾ, ನಾಳಿದ್ದರೊಳಗೆ ಕಾಯಿಲೆ ಹಾಜರುಪಡಿಸಿ."

ವೈದ್ಯೆ ಎದ್ದು ನಿಂತರು. "ಸ್ವಾಮಿ, ಈ ಕಾಯಿಲೆ ಹೋಗೋದೇ ಹೀಗೆ! ನಾನು ಬರೆದುಕೊಟ್ಟಿದ್ದೀನಿ!"

"ವೈದ್ಯರ ಅಭಿಪ್ರಾಯವನ್ನು ಕಡತದಲ್ಲಿ ಇಡಲಾಗಿದೆ," ಎಂದರು ಅಧ್ಯಕ್ಷರು. ಅದು ನಿಜವಾಗಿತ್ತು.

ಮರುದಿನ ಮಧ್ಯಾಹ್ನ ತೋಮಾಸಾ ತನ್ನ ಅಂಗಡಿಯ ಪರದೆ ಎಳೆದು, ಬಸೀಲಿಯಾಳ ರವಿಕೆ ಬಿಚ್ಚಿಸಿ, ಸ್ಟೂಲಿನ ಮೇಲೆ ಕೂರಿಸಿದಳು. ಮುಂದೆ ಒಂದು ಪಾತ್ರೆಯಲ್ಲಿ ಬಸೀಲಿಯಾ ಮನೆಯಲ್ಲಿ ಕೈಯಾರೆ ಕಾಯಿಸಿದ ಆಪಿಯ ತಳದ ಗಟ್ಟಿ.

"ಬೇಡ ಕಣೇ, ಇದು ಸುಳ್ಳು."

"ಸುಳ್ಳೇನಿದೆ ಇದ್ರಲ್ಲಿ? ನಿನಗೆ ಬಂದಿದ್ದು ಬಂದಿತ್ತಾ ಇಲ್ವಾ?"

"ಬಂದಿತ್ತು."

"ಮತ್ತೆ? ಜಾಗ ತಪ್ಪಿ ಬಂದಿತ್ತು. ನಾನು ಸರಿಯಾದ ಜಾಗಕ್ಕೆ ಹಾಕ್ತಿದ್ದೀನಿ, ಅಷ್ಟೇ. ಅಲುಗಾಡ್ಬೇಡ, ಕೊಂಬೆ ಕೆಡುತ್ತೆ."

ಬಸೀಲಿಯಾ ಕಣ್ಣು ಮುಚ್ಚಿಕೊಂಡಳು. ಅಮ್ಮನ ಮುಖ ಕಂಡಿತು, ಅದರ ಹಿಂದೆ ಅಮ್ಮನ ಒಲೆ. ಮುಖ ಬಿಟ್ಟು ಅವಳು ಒಲೆಯ ಕಡೆಗೇ ನೋಡಿದಳು. ತೋಮಾಸಾ ಬೆರಳಿನಿಂದ ಒಂದೊಂದಾಗಿ ಇಟ್ಟಳು, ನಡುವೆ ಕಾಂಡ, ಎರಡೂ ಕಡೆ ಇಳಿಜಾರು ಕೊಂಬೆ, ಒಟ್ಟಾರೆ ಎಡಕ್ಕೆ ವಾಲು. ಒಣಗುತ್ತಾ ಬಂದ ಹಾಗೆ ಪ್ರತಿ ಬೊಟ್ಟಿನ ಅಂಚೂ ಸಣ್ಣಗೆ ಪೊರೆ ಎದ್ದು ಕಾಲರಿನ ಹಾಗೆ ನಿಂತಿತು.

ನಲವತ್ತನೆಯ ದಿನ ಪ್ಲೈವುಡ್ ಮರ ಬಸೀಲಿಯಾಳ ಬೆನ್ನಿನ ಮೇಲೆ ಪೆಟ್ಟಿಗೆಗೆ ಮುಚ್ಚಳ ಕೂರುವಂತೆ ಕೂತಿತು. ಬಣ್ಣ ಗುಲಾಬಿಗಿಂತ ತುಸು ಗಾಢವಾಗಿದ್ದರೂ ವಹಿಸಿದ ಶ್ರಮವನ್ನು ಪರಿಗಣಿಸಿ ಅಂಗೀಕರಿಸಲಾಯಿತು. ಇನ್ನು ಬೇಕಾಗಿದ್ದುದು ವೈದ್ಯರ ರುಜು.

ವೈದ್ಯೆ ವಾಕಾಫ್ಲೋರ್ ಭೂತಗನ್ನಡಿ ಹಿಡಿದು ಬಗ್ಗಿದರು. ಬಗ್ಗಿದವರು ತುಂಬ ಹೊತ್ತು ಏಳಲಿಲ್ಲ. ಬೆನ್ನಿನಿಂದ ದಾಲ್ಚಿನ್ನಿ, ಲವಂಗದ ಪರಿಮಳ ಬರುತ್ತಿತ್ತು. ಕಿಟಕಿಯಾಚೆ, ಕೆಳಗೆ ಬೀದಿಯಲ್ಲಿ, ಲಿಸೆನ್ಸಿಯಾದೋ ಅವರ ನಾದಿನಿ ಒಲೆ ಒಡೆಸಲು ಸುತ್ತಿಗೆಯವನನ್ನು ಕರೆದುಕೊಂಡು ಬಂದು ನಿಂತಿದ್ದಳು.

"ಡಾಕ್ಟ್ರೇ, ಏನನ್ಸುತ್ತೆ?" ಎಂದರು ಅಧ್ಯಕ್ಷರು.

"ಪುಸ್ತಕದಲ್ಲೂ ಇಷ್ಟು ಚೆನ್ನಾಗಿರೋದು ನಾನು ನೋಡಿಲ್ಲ," ಎಂದರು ವೈದ್ಯೆ. ಪೆನ್ನು ತೆಗೆದು ರುಜು ಹಾಕಿದರು. ಆಮೇಲೆ ಬಸೀಲಿಯಾಳ ಕಿವಿಯ ಹತ್ತಿರ ಬಂದು, "ಸಕ್ಕರೆ ಸ್ವಲ್ಪ ಕಮ್ಮಿ ಮಾಡಿ, ಇರುವೆ ಬರುತ್ತೆ," ಎಂದರು.

ಸಾಮಾನ್ಯ ಪ್ರಕರಣವಾದ್ದರಿಂದ ಕಾರ್ಡು ಅಲ್ಲೇ ಸಿಕ್ಕಿತು. ಉಳಿದ ಆರು ಜನ ಅದೇ ಸಂಜೆ ತೋಮಾಸಾಳ ಪರದೆಯ ಮುಂದೆ ಸಾಲು ನಿಂತರು. ಮರುವಾರ ಮಾರುಕಟ್ಟೆಯ ಮಿಕ್ಕವರೂ ನಿಂತರು. ಇಷ್ಟು ಜನರಿಗೆ ಬಂದ ಮೇಲೆ ಇಲ್ಲ ಎಂದವರ ಮೇಲೇ ಅನುಮಾನ ಹುಟ್ಟಿತ್ತು; ಕಾಯಿಲೆ ಇಲ್ಲ ಎಂದು ಕೌಂಟರಿನಲ್ಲಿ ಅನುಮಾನಕ್ಕೆ ಒಳಗಾಗುವುದಕ್ಕಿಂತ ಸಾಮಾನ್ಯ ಕಾಯಿಲೆ ತೋರಿಸಿ ಬರುವುದು ಬೇಗ ಆಗುತ್ತಿತ್ತು. ಆರೋಗ್ಯ ಶಾಖೆ ಪ್ರಕಟಣೆ ಹೊರಡಿಸಿತು: "ಸಾರ್ವಜನಿಕರು ಮಚ್ಚೆಗಳು ಪೂರ್ತಿ ಒಣಗಿದ ನಂತರವೇ ಹಾಜರಾಗತಕ್ಕದ್ದು. ಹಸಿ ಮಚ್ಚೆಗಳು ಸರ್ಕಾರಿ ಮರಕ್ಕೆ ಅಂಟುತ್ತಿರುವುದು ಗಮನಕ್ಕೆ ಬಂದಿದೆ."

ಡಿಸೆಂಬರಿನಲ್ಲಿ ಹೊಸ ಗುತ್ತಿಗೆದಾರ ಚೌಕದಲ್ಲಿ ಬಾಟಲಿಗಳ ಮರ ಕಟ್ಟಿದ. ಊರಿನ ವಿಷಯ ತಿಳಿಯದ ಅವನು ಅದನ್ನು ನೆಟ್ಟಗೆ ನಿಲ್ಲಿಸಿದ. ಆರೋಗ್ಯ ಶಾಖೆಯಿಂದ ಲಿಖಿತ ಆಕ್ಷೇಪಣೆ ಬಂತು: ಈ ಮರ ದಾಖಲಾದ ಯಾವ ರೋಗಿಯ ಬೆನ್ನನ್ನೂ ಹೋಲುತ್ತಿಲ್ಲ. ಇಂಜಿನಿಯರ್ ಲಿಸಾರಗಾ ಸ್ವತಃ ಬಂದು, ಊರವರಲ್ಲೇ ಮೊದಲ ಸಾಮಾನ್ಯ ಪ್ರಕರಣವೆಂದು, ಗಡಿಯಾರದ ಕೆಳಗಿನ ಅಂಗಡಿಯಿಂದ ಬಸೀಲಿಯಾಳನ್ನು ಗೌರವದಿಂದ ಕರೆದೊಯ್ದು ಚೌಕದಲ್ಲಿ ನಿಲ್ಲಿಸಿದರು. ನಾಲ್ವರು ಆಳುಗಳು ಎಡಗಡೆಯ ಹಗ್ಗ ಹಿಡಿದು ಎಳೆದರು. ಮರ ಕಿರುಗುಟ್ಟಿ ವಾಲಿತು. ನೆರೆದವರೆಲ್ಲ ಅವಳ ಮುಖ ನೋಡಿದರು.

ಬಸೀಲಿಯಾ ತಲೆ ಓರೆ ಮಾಡಿ ನೋಡಿದಳು. ಒಲೆಯ ಮೇಲೆ ಆಪಿ ಕುದಿಯುತ್ತಿತ್ತು, ಬೇಗ ಹೋಗಬೇಕಾಗಿತ್ತು.

"ಇನ್ನೂ ಚೂರು ಎಡಕ್ಕೆ," ಎಂದಳು.